ಬೀದಿಯ ನಾಯಿಗೂ ಅಭಯದಾನ



ಜೀವಂಧರ ಸ್ವಾಮಿಯ ಕಥೆಯನ್ನು ಕೇಳದ ಶ್ರಾವಕರ ಮನೆ ಈ ಸೀಮೆಯಲ್ಲಿ ವಿರಳ. ಯಜ್ಞದ ಹವಿಸ್ಸನ್ನು ಮುಟ್ಟಿತೆಂಬ ಕಾರಣಕ್ಕೆ ಪೆಟ್ಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯೊಂದನ್ನು ಆ ರಾಜಕುಮಾರನು ಕಂಡನು. ಅದು ಬದುಕುವುದಿಲ್ಲವೆಂದು ತಿಳಿದಾಗ ಅದರ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದನು. ಆ ಜೀವವು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು. ಮುಂದೆ ಕಾಷ್ಠಾಂಗಾರನ ಭಟರು ಜೀವಂಧರನನ್ನು ವಧಿಸಲು ಒಯ್ಯುತ್ತಿದ್ದಾಗ ಬಂದು ಪಾರುಮಾಡಿದವನು ಈ ಸುದರ್ಶನನೇ. ವಾದೀಭಸಿಂಹನ ಸಂಸ್ಕೃತ ಕೃತಿಗಳಲ್ಲಿಯೂ, 1424ರಲ್ಲಿ ಭಾಸ್ಕರ ಕವಿಯು ಕನ್ನಡದಲ್ಲಿ ರಚಿಸಿದ ಜೀವಂಧರ ಚರಿತೆಯಲ್ಲಿಯೂ ಈ ಕಥೆ ಬಂದಿದೆ. ಸಮಂತಭದ್ರಾಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಧರ್ಮಾಧರ್ಮಗಳ ಫಲವನ್ನು ತಿಳಿಸಬೇಕಾದಾಗ ಆನೆಯನ್ನಾಗಲಿ ಸಿಂಹವನ್ನಾಗಲಿ ಆರಿಸಿಕೊಳ್ಳದೆ ನಾಯಿಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡರೆಂಬುದು ಗಮನಾರ್ಹ.

ಈ ಕಥೆಯನ್ನು ಕೇಳುವವರ ಗಮನವೆಲ್ಲ ಮಂತ್ರದ ಮಹಿಮೆಯ ಕಡೆಗೆ ಹೋಗುತ್ತದೆ. ಅದು ಸಹಜವೇ. ಆದರೆ ಮಂತ್ರವು ಕಿವಿಗೆ ಬೀಳಬೇಕಾದರೆ ಮೊದಲು ಯಾರಾದರೂ ಆ ನಾಯಿಯ ಬಳಿಗೆ ಹೋಗಿ ಬಾಗಬೇಕಷ್ಟೆ. ಅಷ್ಟು ಹತ್ತಿರ ಹೋಗುವವರು ಇಂದು ಎಷ್ಟು ಜನ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಸದಿಗಳಲ್ಲಿ ಉತ್ಸವ ಜರುಗುವಾಗ ಭೋಜನಶಾಲೆಯ ಹಿಂಬದಿಗೆ ಹೋಗಿ ನೋಡಿದರೆ ಉತ್ತರ ದೊರೆಯುತ್ತದೆ. ಎಂಜಲೆಲೆಯ ರಾಶಿಯ ಸುತ್ತ ಊರಿನ ನಾಯಿಗಳೆಲ್ಲ ನೆರೆದಿರುತ್ತವೆ. ಅವುಗಳಲ್ಲಿ ಒಂದು ಕುಂಟುತ್ತಿರುತ್ತದೆ, ಒಂದರ ಮೈಯೆಲ್ಲ ಕಜ್ಜಿ. ಮತ್ತೊಂದು ಎಲುಬು ಕಾಣುವ ತಾಯಿ, ಹಿಂದೆ ಐದಾರು ಮರಿಗಳು. ಉತ್ಸವ ಮುಗಿದು ಚಪ್ಪರ ಬಿಚ್ಚಿದ ಮೇಲೆ ಅವುಗಳ ಗತಿ ಏನಾಯಿತೆಂದು ವಿಚಾರಿಸುವವರಿಲ್ಲ. ಧರ್ಮಸ್ಥಳ ಕ್ಷೇತ್ರದ ದೆಸೆಯಿಂದ ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ಚತುರ್ದಾನಗಳ ಹೆಸರು ನಾಡಿನಾದ್ಯಂತ ಪ್ರಸಿದ್ಧವಾಗಿದೆ. ವಿದ್ಯೆಯ ಮಾತು ಹಾಗಿರಲಿ. ಉಳಿದ ಮೂರರಲ್ಲಿ ಬೀದಿಯ ನಾಯಿಗೆ ಸಲ್ಲುತ್ತಿರುವುದು ಅನ್ನವೊಂದೇ, ಅದೂ ಎಂಜಲು. ಔಷಧವಿಲ್ಲ, ಅಭಯವಂತೂ ಇಲ್ಲವೇ ಇಲ್ಲ. ಉಳಿದ ಈ ಎರಡು ದಾನಗಳನ್ನು ಪರದೇಶದಿಂದ ಬಂದವರು ಇಲ್ಲಿ ಮಾಡಿದ್ದಾರೆ ಎಂಬುದು ಕೇಳತಕ್ಕ ವಿಷಯವಾಗಿದೆ.

ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು 1959ರಲ್ಲಿ ಭಾರತಕ್ಕೆ ಬಂದಾಗ ಆಕೆಗೆ ಐವತ್ತು ದಾಟಿತ್ತು. ದೆಹಲಿಯ ರಸ್ತೆಯೊಂದರಲ್ಲಿ ಗಾಯಗೊಂಡು ಬಿದ್ದಿದ್ದ ಕುದುರೆಯನ್ನು ಜೀವವಿರುವಾಗಲೇ ಕಾಗೆಗಳು ಕುಕ್ಕುತ್ತಿದ್ದುದನ್ನು ಕಂಡ ಆಕೆ ಈ ದೇಶದಲ್ಲಿಯೇ ನಿಂತುಬಿಟ್ಟರು. ದೆಹಲಿಯಲ್ಲಿ ಪ್ರಾಣಿಗಳಿಗೊಂದು ಆಶ್ರಯವನ್ನು ಕಟ್ಟಿದರು. 1980ರಲ್ಲಿ ಜಯಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಸಂಸ್ಥೆಗೆ ಅಡಿಪಾಯ ಹಾಕಿದರು. ಬಳಿಕ ನಮ್ಮ ರಾಜ್ಯದ ರಾಜಧಾನಿಗೇ ಬಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, 1991ರಲ್ಲಿ ಬೆಂಗಳೂರಿನ ‘ಕ್ಯೂಪಾ’ ಸಂಸ್ಥೆಯನ್ನು ಆರಂಭಿಸಿದರು. 1996ರಲ್ಲಿ ಅವರು ತೀರಿಕೊಂಡರು; ಆದರೆ ಜಯಪುರ, ಬೆಂಗಳೂರುಗಳ ಎರಡೂ ಸಂಸ್ಥೆಗಳು ಉಳಿದು ಬೆಳೆದವು. ಆಕೆ ಜೈನಳಲ್ಲ, ಪಂಚಾಣುವ್ರತಗಳ ಹೆಸರನ್ನು ಹೇಳಿ ಕೆಲಸಕ್ಕೆ ಇಳಿದವಳೂ ಅಲ್ಲ. ಹಾಗಿದ್ದೂ ಜೀವದಯೆಯನ್ನು ಕುಲಧರ್ಮವೆಂದು ಹೇಳಿಕೊಳ್ಳುವವರ ನಾಡಿನಲ್ಲಿ ಕಜ್ಜಿನಾಯಿಯ ಮೈಗೆ ಮದ್ದು ಹಚ್ಚಲು ಆಕೆ ಸಮುದ್ರ ದಾಟಿ ಬರಬೇಕಾಯಿತು.

ಹಾಗೆಂದು ಜೈನ ಸಮಾಜವು ನಾಯಿಗಳನ್ನು ಪೂರ್ಣವಾಗಿ ಮರೆತಿತ್ತೆಂದು ಹೇಳಿದರೆ ಅನ್ಯಾಯವಾದೀತು. 1832ರಲ್ಲಿ ಮುಂಬಯಿಯಲ್ಲಿ ಬ್ರಿಟಿಷ್ ಆಡಳಿತವು ಬೀದಿನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರಸಿಗಳು ಮುಂದಾಗಿ ಪ್ರತಿಭಟಿಸಿದರು; ದೊಡ್ಡ ಗಲಭೆಯೇ ನಡೆಯಿತು. ಎರಡು ವರ್ಷಗಳಲ್ಲಿ, ಜಮ್ಶೆಟ್ಜಿ ಜೀಜೀಭಾಯ್ ಅವರೊಡನೆ ಜೈನ ವರ್ತಕರೂ ಕೈಗೂಡಿಸಿ ಅಲ್ಲಿ ಪಾಂಜರಾಪೋಳವನ್ನು ಸ್ಥಾಪಿಸಿದರು. ಗುಜರಾತಿನ ಊರೂರುಗಳಲ್ಲಿ ಇಂತಹ ಪಾಂಜರಾಪೋಳಗಳಿದ್ದವು.

ಆದರೂ 1926ರಲ್ಲಿ ಅಹಮದಾಬಾದಿನಲ್ಲಿ ಒಂದು ಪ್ರಸಂಗ ನಡೆಯಿತು. ಗಿರಣಿಯೊಂದರ ಆವರಣದಲ್ಲಿ ಸೇರಿಕೊಂಡಿದ್ದ ಸುಮಾರು 60 ನಾಯಿಗಳನ್ನು ಅದರ ಮಾಲೀಕರು ಕೊಲ್ಲಿಸಿದರು. ಜೀವದಯಾ ಮಂಡಳಿಯವರು ಗಾಂಧೀಜಿಯವರಿಗೆ ಪತ್ರ ಬರೆದರು. ಗಾಂಧೀಜಿಯವರ ಉತ್ತರವು ಅವರನ್ನು ದಂಗುಬಡಿಸಿತು. ಹುಚ್ಚು ಹಿಡಿಯುವ ಅಪಾಯವಿರುವಾಗ ಆ ಮಾಲೀಕರಿಗೆ ಬೇರೆ ದಾರಿ ಇರಲಿಲ್ಲವೆಂದು ಅವರು ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಒಡೆಯನಿಲ್ಲದ ನಾಯಿಗಳು ಬೀದಿಯಲ್ಲಿ ಅಲೆಯುವುದು ಆ ಸಮಾಜದ ದಯೆಯ ಕುರುಹಲ್ಲ, ಅಜ್ಞಾನ ಹಾಗೂ ಆಲಸ್ಯಗಳ ಕುರುಹು. ತುತ್ತೊಂದನ್ನು ಎಸೆದು ಮುಂದೆ ನಡೆಯುವುದು ದಯೆಯಲ್ಲ ಎಂಬುದು ಅವರ ವಾದದ ಸಾರ. ಜೈನರಲ್ಲಿ ಅನೇಕರು ತೀವ್ರವಾಗಿ ವಿರೋಧಿಸಿದರು. ವಧೆಯನ್ನು ಒಪ್ಪದಿರುವುದು ಸರಿಯೇ ಆಗಿತ್ತು. ಆದರೆ ಆಲಸ್ಯದ ಕುರಿತ ಮಾತಿಗೆ ಸರಿಯಾದ ಉತ್ತರ ಆಗ ಯಾರ ಬಳಿಯೂ ಇರಲಿಲ್ಲ.

ಕೊಲ್ಲದೆಯೂ ಬಿಡದೆಯೂ ಇರುವ ಮೂರನೆಯ ದಾರಿ ಆಮೇಲೆ ತೆರೆಯಿತು. ಮದರಾಸಿನ ಬ್ಲೂ ಕ್ರಾಸ್ ಸಂಸ್ಥೆ 1964ರಲ್ಲಿ ಇದನ್ನು ಕೈಗೊಂಡಿತು. ನಾಯಿಯನ್ನು ಹಿಡಿದು, ಅರಿವಳಿಕೆ ಕೊಟ್ಟು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ತುದಿಯನ್ನು ಕೊಂಚ ಕತ್ತರಿಸಿ, ಗಾಯ ಮಾಗಿದ ಮೇಲೆ ಹಿಡಿದ ಬೀದಿಗೇ ಮರಳಿ ಬಿಡುವುದು ಇದರ ಕ್ರಮ. ಅದೇ ಬೀದಿಗೆ ಬಿಡುವುದರಲ್ಲಿ ಅರ್ಥವಿದೆ. ನಾಯಿ ತನ್ನ ಗಡಿಯನ್ನು ಕಾಯುವ ಪ್ರಾಣಿ. ಅದನ್ನು ತೆಗೆದರೆ ಖಾಲಿಯಾದ ಸ್ಥಳಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ.

ಕ್ರಿಸ್ಟಲ್ ರೋಜರ್ಸ್ ಸ್ಥಾಪಿಸಿದ ಜಯಪುರದ ಸಂಸ್ಥೆಯನ್ನು ಮುಂದೆ ನಡೆಸಿದವರು ಆಸ್ಟ್ರೇಲಿಯಾದ ಕ್ರಿಸ್ಟೀನ್ ಟೌನೆಂಡ್. ಅಲ್ಲಿ ದುಡಿದ ಪಶುವೈದ್ಯ ಜ್ಯಾಕ್ ರೀಸ್ ಬ್ರಿಟನ್ನಿನವರು. 1994ರ ನವೆಂಬರಿನಿಂದ 2002ರ ಡಿಸೆಂಬರ್ ವರೆಗೆ ಅಲ್ಲಿ 24,986 ನಾಯಿಗಳನ್ನು ಹಿಡಿಯಲಾಯಿತು, 19,129 ನಾಯಿಗಳಿಗೆ ಶಸ್ತ್ರಚಿಕಿತ್ಸೆಯೂ ಲಸಿಕೆಯೂ ಆಯಿತು. ನಾಯಿಗಳ ಸಂಖ್ಯೆ ಶೇಕಡಾ 28ರಷ್ಟು ಇಳಿಯಿತು. ಅದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಮನುಷ್ಯರಿಗೆ ತಗಲುವ ರೇಬೀಸ್ ಪ್ರಕರಣಗಳು ಇಲ್ಲವಾದವು. ನೆರೆಯ ಗೋವಾದಲ್ಲಿಯೂ ಬ್ರಿಟನ್ನಿನ ಪಶುವೈದ್ಯ ಲೂಕ್ ಗ್ಯಾಂಬಲ್ 2013ರಲ್ಲಿ ಆರಂಭಿಸಿದ ‘ಮಿಷನ್ ರೇಬೀಸ್’ ಸಂಸ್ಥೆಯಲ್ಲಿ ನಾನಾ ದೇಶಗಳ ಪಶುವೈದ್ಯರೂ ವಿದ್ಯಾರ್ಥಿಗಳೂ ಸ್ವಯಂಸೇವಕರಾಗಿ ಬಂದು, ಬಲೆ ಹಿಡಿದು ಗಲ್ಲಿಗಲ್ಲಿಗಳಲ್ಲಿ ಓಡಾಡಿ ಲಸಿಕೆ ಹಾಕಿದರು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತವೆಂದು ಘೋಷಿಸಲಾಯಿತು.

ಇಲ್ಲಿ ಶ್ರಾವಕನ ಮನಸ್ಸಿನಲ್ಲಿ ಏಳುವ ಶಂಕೆಯನ್ನು ಮುಚ್ಚಿಡಬಾರದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಛೇದವೆಂದರೆ ಕಿವಿ, ಮೂಗು ಮುಂತಾದ ಅವಯವಗಳನ್ನು ಕತ್ತರಿಸುವುದೆಂದು ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿ ವಿವರಿಸುತ್ತದೆ. ನಾಯಿಯನ್ನು ಬಲೆಯಿಂದ ಹಿಡಿದಾಗ ಬಂಧವಾಯಿತು, ಕಿವಿ ಕತ್ತರಿಸಿದಾಗ ಛೇದವಾಯಿತು. ಇದು ವ್ರತಭಂಗವಲ್ಲವೇ ಎಂಬ ಪ್ರಶ್ನೆ ಸಹಜವಾದುದು, ಹಗುರವಾದುದಲ್ಲ.

ಅದೇ ಸರ್ವಾರ್ಥಸಿದ್ಧಿಯ ಆರನೆಯ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ದಯಾಳುವಾದ ವೈದ್ಯನು ಸಂಯಮಿಯೊಬ್ಬರ ಕುರುವನ್ನು ಶಸ್ತ್ರದಿಂದ ಸೀಳುವಾಗ ಹೊರಗೆ ನೋವಿಗೆ ಕಾರಣನಾದರೂ ಅವನಿಗೆ ಪಾಪಬಂಧವಿಲ್ಲವೆಂದು ಆಚಾರ್ಯರು ಅಲ್ಲಿ ಹೇಳಿದ್ದಾರೆ. ಹಿಂಸೆಯ ಮೂಲವು ಪ್ರಮಾದ, ಕಷಾಯಗಳಲ್ಲಿದೆ, ಶಸ್ತ್ರದಲ್ಲಿ ಅಲ್ಲ. ಕುರುವನ್ನು ಸೀಳುವುದು ರೋಗಿಯ ಹಿತಕ್ಕೆ, ಸಂತಾನಹರಣವು ಯಾರ ಹಿತಕ್ಕೆ ಎಂದು ಕೇಳುವವರುಂಟು. ಹೆತ್ತ ಮರಿಗಳಲ್ಲಿ ಹೆಚ್ಚಿನವು ಲಾರಿಯ ಗಾಲಿಗೋ ರೋಗಕ್ಕೋ ಹಸಿವಿಗೋ ಬಲಿಯಾಗುವುದನ್ನು ಕಾಣುತ್ತ ಮತ್ತೆ ಮತ್ತೆ ಬಸಿರಾಗುವ ತಾಯಿನಾಯಿಯ ಹಿತಕ್ಕೆ ಎಂಬುದು ಅದಕ್ಕೆ ಉತ್ತರ. ಕಡಿತಕ್ಕೆ ಒಳಗಾಗುವ ಮಗುವೂ ಜೀವವೇ ಅಲ್ಲವೇ? 2007ರಲ್ಲಿ ಬೆಂಗಳೂರಿನಲ್ಲಿ ನಾಯಿಗಳ ದಾಳಿಗೆ ಮಕ್ಕಳು ಬಲಿಯಾದಾಗ ಜನರ ಆಕ್ರೋಶಕ್ಕೆ ನೂರಾರು ನಾಯಿಗಳು ಸತ್ತವು. ಔಷಧದಾನವನ್ನು ಮಾಡದ ಊರಿನಲ್ಲಿ ಅಭಯ ಉಳಿಯುವುದಿಲ್ಲವೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಇಷ್ಟಾಗಿಯೂ ಶಸ್ತ್ರಚಿಕಿತ್ಸೆಗೆ ಮನಸ್ಸು ಒಪ್ಪದವರಿದ್ದರೆ ಲಸಿಕೆಯ ವಿಷಯದಲ್ಲಾದರೂ ಸಂಕೋಚಕ್ಕೆ ಎಡೆಯಿಲ್ಲ. ಊರಿನ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಭಿಪ್ರಾಯ.

ಕಾನೂನು ಕೂಡ ಈ ದಾರಿಯನ್ನೇ ಹಿಡಿದಿದೆ. 2001ರ ನಿಯಮಗಳು, ಅವುಗಳ ಸ್ಥಾನದಲ್ಲಿ ಬಂದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿವೆ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂತಹ ಸ್ಥಳಗಳಲ್ಲಿ ಹಿಡಿದ ನಾಯಿಗಳನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯಗಳಿಗೆ ಸಾಗಿಸಬೇಕೆಂದು ಆದೇಶಿಸಿತು. ಆಶ್ರಯವೆಂದ ಮೇಲೆ ಸ್ಥಳ, ಕೂಳು, ಮದ್ದು, ನೋಡಿಕೊಳ್ಳುವ ಕೈಗಳು ಬೇಕು. ಪಾಂಜರಾಪೋಳಗಳನ್ನು ನಡೆಸಿದ ಸಮಾಜಕ್ಕೆ ಇದು ಹೊಸ ವಿದ್ಯೆಯಲ್ಲ. ಮಂಗಳೂರಿನ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟಿನಂತಹ ಸಂಸ್ಥೆಗಳು ಜಿಲ್ಲೆಯಲ್ಲಿಯೇ ಇವೆ. ಕಲಿಯಬಯಸುವ ಯುವಕ ಯುವತಿಯರು ದೂರ ಹೋಗಬೇಕಾಗಿಲ್ಲ.

ಮೂರೂ ಊರುಗಳ ಶ್ರಾವಕ ಸಂಘಗಳು ಪ್ರತಿ ವರ್ಷ ಒಂದು ದಿನ, ವಿಶ್ವ ರೇಬೀಸ್ ದಿನವಾದ ಸೆಪ್ಟೆಂಬರ್ 28ರಂದೇ ಆಗಬಹುದು, ಪಶು ಆಸ್ಪತ್ರೆಯ ವೈದ್ಯರನ್ನು ಕರೆಸಿ ಬಸದಿಯ ಸುತ್ತಲಿನ ನಾಯಿಗಳಿಗೆ ಲಸಿಕೆ ಹಾಕಿಸಬಹುದು. ಪರಿಚಯದ ನಾಯಿಯನ್ನು ಹಿಡಿಯಲು ದಿನವೂ ಕೂಳಿಕ್ಕುವ ಹೆಂಗಸರಿಗಿಂತ ಸಮರ್ಥರಿಲ್ಲ. ಅವರ ಕರೆಗೆ ಬಾರದ ನಾಯಿ ಬಲೆಗೂ ಸುಲಭವಾಗಿ ಸಿಗದು. ಉತ್ಸವದ ದಿನಗಳಲ್ಲಿ ಎಲೆಗಳನ್ನು ಬಯಲಿನಲ್ಲಿ ರಾಶಿ ಹಾಕದೆ ಹೊಂಡದಲ್ಲಿ ಮುಚ್ಚಿ, ನಾಯಿಗಳಿಗಾಗಿ ಬೇರೆಯೇ ಅನ್ನವನ್ನು ಮಕ್ಕಳು ಆಡುವ ಸ್ಥಳದಿಂದಲೂ ಬಾಗಿಲಿನಿಂದಲೂ ದೂರದಲ್ಲಿ ನಿಗದಿಯಾದ ವೇಳೆಗೆ ಇಡಬಹುದು. ಯಾರಿಗಾದರೂ ಕಡಿತವಾದರೆ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಿಸಿನ ಸುಣ್ಣಗಳನ್ನು ಹಚ್ಚದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಅದಕ್ಕೆ ಮೊದಲು, ವೈದ್ಯರು ಹೇಳಿದ ದಿನಗಳಂದು ತಪ್ಪದೆ ಚುಚ್ಚುಮದ್ದು ತೆಗೆದುಕೊಂಡರೆ ಪ್ರಾಣಕ್ಕೆ ಭಯವಿಲ್ಲ.