ಮಂಜಿನ ಊರಿಗೆ ಗುಲಾಬಿ ಚಪ್ಪರ



ನಮ್ಮ ನೀಲಗಿರಿಯ ಹಟ್ಟಿಗಳಲ್ಲಿ ಚಪ್ಪರ ಹೊಸದೇನಲ್ಲ. ಮದುವೆಗೆ ಹಾಕುತ್ತೇವೆ, ಕೆಲಸ ಮುಗಿದ ಮೇಲೆ ಬಿಚ್ಚುತ್ತೇವೆ. ಆದರೆ ಉದಕಮಂಡಲ, ಕೂನೂರು, ಕೋತಗಿರಿ ಕಡೆ ಹೊಸ ಮನೆ ಕಟ್ಟುವವರಲ್ಲಿ ಇನ್ನೊಂದು ಆಸೆ ಹುಟ್ಟಿಕೊಂಡಿದೆ. ಗೇಟಿನಿಂದ ಜಗಲಿಯವರೆಗೆ ಬಿಚ್ಚದ ಚಪ್ಪರವೊಂದು ಇರಬೇಕು, ಅದರ ಮೇಲೆ ಗುಲಾಬಿ ಹಬ್ಬಿರಬೇಕು. ಇಂಜಿನಿಯರ್ ಇದನ್ನು ಪರ್ಗೊಲಾ ಎನ್ನುತ್ತಾರೆ, ತಮಿಳು ಬಲ್ಲ ಮೇಸ್ತ್ರಿ ಪಂದಲ್ ಎನ್ನುತ್ತಾನೆ. ಹೆಸರು ಯಾವುದಾದರೂ ಇರಲಿ, ಬಳ್ಳಿಗುಲಾಬಿ ಚಪ್ಪರ ತುಂಬಲು ಸುಮಾರು ಮೂರು ವರ್ಷ ಬೇಕು. ಆರಿಸಿದ ಜಾತಿ ಸರಿಯಿಲ್ಲವೆಂದು ಗೊತ್ತಾಗುವುದೂ ಆ ಮೂರನೆಯ ವರ್ಷದಲ್ಲೇ. ಆದ್ದರಿಂದ ಇವತ್ತಿನ ಮಾತು ಗುಂಡಿ ತೋಡುವುದಕ್ಕೆ ಮುಂಚಿನದು.

ಗುಲಾಬಿಯ ಪುಸ್ತಕಗಳಲ್ಲಿ 'ಚಳಿ ಪ್ರದೇಶಕ್ಕೆ ತಕ್ಕವು' ಎಂದು ಒಂದು ಪಟ್ಟಿ ಇರುತ್ತದೆ. ನಮ್ಮದೂ ಚಳಿ ಊರು ತಾನೆ ಎಂದು ಅದನ್ನೇ ಹಿಡಿದು ನರ್ಸರಿಗೆ ಹೋಗುವವರಿದ್ದಾರೆ. ಸ್ವಲ್ಪ ನಿಲ್ಲಿ. ಆ ಪುಸ್ತಕ ಬರೆದವರ ಚಳಿಯೇ ಬೇರೆ. ಕೆನಡಾದಂಥ ದೇಶದಲ್ಲಿ ಸೊನ್ನೆಗಿಂತ 25, 30 ಡಿಗ್ರಿ ಕೆಳಗೆ ಇಳಿಯುತ್ತದೆ. ಅಲ್ಲಿ ಎಷ್ಟೋ ಜನ ಚಳಿಗಾಲದ ಮೊದಲು ಬಳ್ಳಿಯ ಕಟ್ಟು ಬಿಚ್ಚಿ, ನೆಲಕ್ಕೆ ಮಲಗಿಸಿ, ಮಣ್ಣು ಎಲೆ ಹೊದಿಸುತ್ತಾರೆ. ಹಾಗೆ ಹೊದಿಸದೆಯೂ ಉಳಿಯಲೆಂದೇ ಅಲ್ಲಿನ ಸರ್ಕಾರಿ ವಿಜ್ಞಾನಿಗಳು ತಳಿ ಎಬ್ಬಿಸಿದರು. 1983ರಲ್ಲಿ ಹೊರಬಂದ 'ವಿಲಿಯಂ ಬ್ಯಾಫಿನ್' ಅಂಥದ್ದು.

ನಮ್ಮಲ್ಲಿ ಏನಾಗುತ್ತದೆ? ಡಿಸೆಂಬರ್, ಜನವರಿಯ ಬೆಳಗ್ಗೆ ತಗ್ಗಿನ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಮಂಜು ಕಟ್ಟುತ್ತದೆ. ಸೊನ್ನೆಯ ಆಸುಪಾಸು, ಹೆಚ್ಚೆಂದರೆ ಒಂದೆರಡು ಡಿಗ್ರಿ ಕೆಳಗೆ. ಬಲಿತ ಗುಲಾಬಿ ಅದರಿಂದ ಸಾಯುವುದಿಲ್ಲ. ಎಳೆ ಚಿಗುರು ಕರಕಾಗುತ್ತದೆ, ಅಷ್ಟೆ. ನಮ್ಮ ಗುಲಾಬಿಯನ್ನು ಕೊಲ್ಲುವುದು ಜೂನ್ ತಿಂಗಳಿನಿಂದ ನವೆಂಬರ್‌ವರೆಗಿನ ತೇವ. ಎಲೆ ಏಳು ಗಂಟೆ ಹೊತ್ತು ಒದ್ದೆಯಾಗಿದ್ದರೆ ಸಾಕು, ಕಪ್ಪು ಚುಕ್ಕೆ ರೋಗದ ಬೂಷ್ಟು ಒಳಗೆ ಇಳಿಯುತ್ತದೆ. ಮಂಜು ಮುಸುಕಿದ ದಿನ ನಮ್ಮಲ್ಲಿ ಎಲೆ ಏಳು ಗಂಟೆಯಲ್ಲ, ಇಡೀ ದಿನ ಒಣಗುವುದಿಲ್ಲ. ಎಲೆ ಹಳದಿಯಾಗಿ ಉದುರುತ್ತದೆ. ಎಲೆಯಿಲ್ಲದ ಗಿಡಕ್ಕೆ ಊಟವಿಲ್ಲ, ಊಟವಿಲ್ಲದ ಗಿಡ ಉದ್ದನೆಯ ಬಳ್ಳಿ ಬಿಡುವುದಿಲ್ಲ. ಎರಡು ಮಳೆಗಾಲ ಹೀಗೆ ಕಳೆದರೆ ಚಪ್ಪರದಲ್ಲಿ ಉಳಿಯುವುದು ಕಂಬ ಮಾತ್ರ.

ಹಾಗಾಗಿ ನಾನು ಹೇಳುವುದು ಇಷ್ಟೆ. ಹೂವನ್ನು ನೋಡಿ ಆರಿಸಬೇಡಿ, ಎಲೆಯನ್ನು ನೋಡಿ ಆರಿಸಿ. ಅದನ್ನು ಮಳೆಗಾಲದಲ್ಲಿ ನೋಡಿ. ನೂರನೆಯ ಹೂ ಪ್ರದರ್ಶನದ ನೆನಪಿಗೆ 1995ರಲ್ಲಿ ಮಾಡಿದ ಗುಲಾಬಿ ತೋಟ ಉದಕಮಂಡಲದಲ್ಲೇ ಇದೆ. 2006ರಲ್ಲಿ ಅದಕ್ಕೆ ವಿಶ್ವ ಗುಲಾಬಿ ಸಂಘಗಳ ಒಕ್ಕೂಟದ ಮನ್ನಣೆಯೂ ಸಿಕ್ಕಿತು. ಎಲ್ಲರೂ ಅಲ್ಲಿಗೆ ಮೇ ತಿಂಗಳಲ್ಲಿ ಹೋಗುತ್ತಾರೆ. ಮೇ ತಿಂಗಳಲ್ಲಿ ಎಲ್ಲ ಗುಲಾಬಿಯೂ ಮದುಮಗಳೇ. ನೀವು ಆಗಸ್ಟ್‌ನಲ್ಲಿ ಕೊಡೆ ಹಿಡಿದು ಹೋಗಿ. ಯಾವ ಬಳ್ಳಿಯ ಮೈಮೇಲೆ ಎಲೆ ಹಸಿರಾಗಿ ಉಳಿದಿದೆಯೋ ಅದರ ಹೆಸರು ಬರೆದುಕೊಂಡು ಬನ್ನಿ.

ಒಂದೆರಡು ಜಾತಿಗಳನ್ನು ಎದುರುಬದುರು ಇಟ್ಟು ನೋಡೋಣ. 'ಜೆಫಿರಿನ್ ದ್ರೂಹಾ' 1868ರ ಹಳೆಯ ಗುಲಾಬಿ. ಮುಳ್ಳಿಲ್ಲ, ಗಾಢ ಗುಲಾಬಿ ಬಣ್ಣ, ಒಳ್ಳೆಯ ವಾಸನೆ. ಮಕ್ಕಳು ಓಡಾಡುವ ಚಪ್ಪರಕ್ಕೆ ಇದಕ್ಕಿಂತ ಬೇಕೆ ಎನ್ನಿಸುತ್ತದೆ, ಪುಸ್ತಕಗಳೂ ಹಾಗೇ ಹೊಗಳುತ್ತವೆ. ಆದರೆ ಕಪ್ಪು ಚುಕ್ಕೆಗೂ ಬೂದಿ ರೋಗಕ್ಕೂ ಇದು ಬೇಗ ಬಲಿ. ನಮ್ಮ ಮಳೆಗೆ ನಾನು ಇದನ್ನು ಹೇಳಲಾರೆ.

ಇನ್ನೊಂದು ಚೀನಾ ಮೂಲದ 'ಬ್ಯಾಂಕ್ಸಿಯಾ'. ಹಳದಿ ಮತ್ತು ಬಿಳಿ ಬಣ್ಣದಲ್ಲಿ ಬಟನ್‌ನಷ್ಟು ಚಿಕ್ಕ ಹೂವಿನ ಗೊಂಚಲು. ಇದಕ್ಕೂ ಮುಳ್ಳು ಇಲ್ಲವೆನ್ನುವಷ್ಟು ಕಡಿಮೆ. ಇಂಗ್ಲೆಂಡಿನ ಪುಸ್ತಕದಲ್ಲಿ 'ಚಳಿ ತಾಳದು, ಬೆಚ್ಚನೆಯ ಗೋಡೆಗೆ ಒರಗಿಸಿ' ಎಂಬ ಎಚ್ಚರಿಕೆ ಇರುತ್ತದೆ. ಅವರ ಚಳಿಗೆ ತಾಳದ್ದು ನಮ್ಮ ಚಳಿಗೆ ಸಲೀಸಾಗಿ ತಾಳುತ್ತದೆ. ಎಲೆಗೆ ರೋಗ ಅಪರೂಪ. 20 ಅಡಿಗೂ ಮೀರಿ ಹೋಗುತ್ತದೆ. ವರ್ಷಕ್ಕೆ ಒಂದೇ ಸಲ ಹೂವು, ಅದು ದೊಡ್ಡ ಕೊರತೆ ಎನ್ನುವವರಿದ್ದಾರೆ. ಮಾವು ವರ್ಷಕ್ಕೆ ಎಷ್ಟು ಸಲ ಬರುತ್ತದೆ? ಒಂದು ಎಚ್ಚರ ಮಾತ್ರ ಇರಲಿ, ಇದನ್ನು ಹೂ ಮುಗಿದ ಮೇಲೆಯೇ ಸವರಬೇಕು. ಬೇರೆ ಗುಲಾಬಿಯ ಜೊತೆಗೆ ಜನವರಿಯಲ್ಲಿ ಸವರಿದರೆ ಆ ವರ್ಷದ ಹೂವು ಕತ್ತರಿಯ ಬಾಯಿಗೆ ಹೋಯಿತು.

ಮತ್ತೆ ಮತ್ತೆ ಹೂ ಬೇಕೆಂದರೆ ತಿಳಿಗುಲಾಬಿ ಬಣ್ಣದ 'ನ್ಯೂ ಡಾನ್' ನಂಬಬಹುದಾದದ್ದು. ಅಮೆರಿಕದಲ್ಲಿ 1931ರಲ್ಲಿ ಗಿಡಕ್ಕೆಂದು ಕೊಟ್ಟ ಮೊಟ್ಟಮೊದಲ ಪೇಟೆಂಟ್ ಇದಕ್ಕೇ. ಎಲೆ ಎಣ್ಣೆ ಸವರಿದ ಹಾಗೆ ಮಿರುಗುತ್ತದೆ, ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಮುಳ್ಳು ಮಾತ್ರ ಜೋರು. ಮೆಟ್ಟಿಲ ಪಕ್ಕದ ಕಂಬಕ್ಕೆ ಬೇಡ, ಆಚೆ ಬದಿಗೆ ಇರಲಿ.

ಹೊಸೂರಿನ ಕೇಳುಗರು 'ನಮ್ಮ ತಾಜ್ ಮಹಲ್ ಗುಲಾಬಿ ಹಬ್ಬಿಸಬಾರದೆ' ಎಂದಾರು. ಪಾಲಿಹೌಸಿನ ಆ ಗುಲಾಬಿ ಮಾರುಕಟ್ಟೆಗೆ ಕತ್ತರಿಸುವ ಪೊದೆ ಜಾತಿ. ಎಷ್ಟು ಗೊಬ್ಬರ ಹಾಕಿದರೂ ಚಪ್ಪರ ಏರುವುದಿಲ್ಲ.

ಏರುವುದು ಎಂದೆ. ನಿಜವಾಗಿ ಯಾವ ಗುಲಾಬಿಯೂ ತಾನಾಗಿ ಏರುವುದಿಲ್ಲ. ಅವರೆಯ ಹಾಗೆ ಸುತ್ತುವುದಿಲ್ಲ, ಹೀರೆಯ ಹಾಗೆ ಕುಡಿ ಚಾಚಿ ಹಿಡಿಯುವುದಿಲ್ಲ. ಉದ್ದಕ್ಕೆ ಬೆಳೆದು ಒರಗಿಕೊಳ್ಳುತ್ತದೆ, ಕಟ್ಟುವವರು ನಾವು. ಆದ್ದರಿಂದ ನರ್ಸರಿಯಲ್ಲಿ ಬರೀ 'ಕೊಡಿ ರೋಜಾ ಇದೆಯಾ' ಎಂದು ಕೇಳಿದರೆ ಸಾಲದು. ಎಷ್ಟು ಅಡಿ ಹೋಗುತ್ತದೆ, ಬಳ್ಳಿ ಬಾಗುತ್ತದೆಯೆ ಎಂದು ಕೇಳಿ. ಎಂಟು ಅಡಿ ಕಂಬ ಹತ್ತಿ, ಮೇಲೆ ನಾಲ್ಕೈದು ಅಡಿ ಹರಡಬೇಕಾದರೆ 13 ಅಡಿಗೆ ಕಡಿಮೆಯಾದದ್ದು ನಿಮ್ಮ ಕೆಲಸಕ್ಕೆ ಬಾರದು. ಬಿರುಸಾಗಿ ನೆಟ್ಟಗೆ ನಿಲ್ಲುವ ಜಾತಿ ಚಪ್ಪರದ ಮೇಲೆ ಹೋಗಿ ಆಕಾಶಕ್ಕೆ ಹೂ ಬಿಡುತ್ತದೆ. ಕೆಳಗೆ ನಡೆಯುವ ನಮಗೆ ಕಾಣುವುದು ಬರೀ ಕಡ್ಡಿ. ಕತ್ತು ಬಗ್ಗಿಸುವ ಹೂವು ಪೊದೆಯಲ್ಲಿ ದೋಷ, ಚಪ್ಪರದಲ್ಲಿ ಗುಣ. 1864ರ ಹಳದಿ 'ಮಾರೆಶಾಲ್ ನೀಲ್' ಹಾಗೆ ಮುಖ ಕೆಳಗಿಟ್ಟು ನೋಡುತ್ತದೆ. ಅದರ ಮೊಗ್ಗು ಮಳೆಯಲ್ಲಿ ಅರಳದೆ ಕೊಳೆಯುವುದರಿಂದ ಮಳೆ ನೇರವಾಗಿ ಬೀಳದ ಜಗಲಿ ಅಂಚಿಗಷ್ಟೇ ಸರಿ.

ನಮ್ಮ ಶೋಲಾ ಕಾಡಿನ ಅಂಚಿನಲ್ಲೂ ಬಿಳಿ ಹೂವಿನ ಕಾಡುಗುಲಾಬಿಯೊಂದು ಹಬ್ಬುತ್ತದೆ. ಲೆಶೆನೊ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನ ಹೆಸರು ಅದಕ್ಕಿದೆ. ಈ ಮಂಜಿಗೆ ಹುಟ್ಟಿ ಬೆಳೆದದ್ದು ಅದು. ಕಾಡಿನಿಂದ ಕಿತ್ತು ತರಬೇಡಿ, ಅದು ಕಾನೂನಿಗೂ ಕಾಡಿಗೂ ಒಗ್ಗದು. ಆದರೆ ನಮ್ಮ ನೆಲದ ಕಾಡುಗುಲಾಬಿಯಿಂದ ತಳಿ ಮಾಡಬಹುದೆಂಬುದಕ್ಕೆ ಕೊಡೈಕನಾಲಿನ ಎಂ.ಎಸ್. ವೀರರಾಘವನ್ ಸಾಕ್ಷಿ. ಮಣಿಪುರ ಬೆಟ್ಟಗಳ ದೈತ್ಯ ಬಳ್ಳಿಗುಲಾಬಿ 'ರೋಸಾ ಜೈಗಾಂಟಿಯಾ'ವನ್ನು ಹಿಡಿದು ಅವರು ಹೊಸ ಬಳ್ಳಿಗುಲಾಬಿಗಳನ್ನು ಎಬ್ಬಿಸಿದ್ದಾರೆ.

ಜಾಗದ ವಿಷಯ. ಪೂರ್ವದ ಬಿಸಿಲು ಬೀಳುವ ಕಡೆ ಚಪ್ಪರ ಕಟ್ಟಿ, ಎಲೆ ಬೆಳಗ್ಗೆಯೇ ಒಣಗಲಿ. ತೊರೆಯ ತಗ್ಗಿಗಿಂತ ಇಳಿಜಾರಿನ ನಡುಮಟ್ಟ ಮೇಲು, ತಣ್ಣನೆಯ ಗಾಳಿ ನೀರಿನ ಹಾಗೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮದು ಚಹಾ ಬೆಳೆಯುವ ಹುಳಿ ಮಣ್ಣು. ಗುಲಾಬಿಗೆ ಅಷ್ಟು ಹುಳಿ ಸೇರದು, ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಬೆರೆಸಿ. ನವೆಂಬರ್‌ನಲ್ಲಿ ಸವರಬೇಡಿ, ಎಳೆ ಚಿಗುರು ನೇರವಾಗಿ ಮಂಜಿನ ಕೈಗೆ ಸಿಗುತ್ತದೆ. 'ಕ್ಲೈಂಬಿಂಗ್' ಎಂಬ ಹೆಸರು ಹೊತ್ತ, ಪೊದೆಯಿಂದ ಬಳ್ಳಿಯಾದ ಜಾತಿಗಳನ್ನು ಮೊದಲೆರಡು ವರ್ಷ ಸವರಲೇಬೇಡಿ. ಬಲವಾಗಿ ಕತ್ತರಿಸಿದರೆ ಮತ್ತೆ ಪೊದೆಯಾಗಿಬಿಡುವುದುಂಟು.

ಬಳ್ಳಿಯನ್ನು ಕಂಬಕ್ಕೆ ನೆಟ್ಟಗೆ ಕಟ್ಟದೆ ಓರೆಯಾಗಿ ಸುತ್ತಿಸಿ. ಬಾಗಿದ ಬಳ್ಳಿಯ ಗಿಣ್ಣುಗಿಣ್ಣಿಗೂ ಹೂ ಬರುತ್ತದೆ, ನೆಟ್ಟಗಿದ್ದರೆ ತುದಿಗೆ ಮಾತ್ರ. ಕಟ್ಟಲು ತಂತಿ ಬೇಡ, ತೆಂಗಿನ ನಾರಿನ ಹುರಿ ಸಾಕು. ಕಟ್ಟಿನೊಳಗೆ ಕಿರುಬೆರಳು ತೂರುವಷ್ಟು ಸಡಿಲ ಇರಲಿ, ಬಳ್ಳಿ ದಪ್ಪವಾಗುತ್ತದೆ.