ಋಣಮುಕ್ತ ಗ್ರಾಮ
(ತೊರಪಲ್ಲಿ ಅಗ್ರಹಾರದಲ್ಲಿ ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ನಾಲ್ಕು ಮಾತುಗಳನ್ನಾಡಲು ಅವಕಾಶವಿತ್ತ ಸಂಘದ ಕಾರ್ಯಕರ್ತರಿಗೆ ನಾವು ಋಣಿಗಳು. ಋಣವೆಂಬ ಶಬ್ದವನ್ನು ಸಭೆಯಲ್ಲಿ ಹಗುರವಾಗಿ ಆಡುತ್ತೇವೆ. ಮನೆಯಲ್ಲಿ ಅದರ ಭಾರವೇ ಬೇರೆ. ನಮ್ಮ ತರಗತಿಯ ಬಾಲಕನೊಬ್ಬನು ವಾರಕ್ಕೊಂದು ದಿನ ತಪ್ಪದೆ ಗೈರುಹಾಜರಾಗುತ್ತಿದ್ದನು. ಕಾರಣ ಕೇಳಲಾಗಿ, "ಅಂದು ಕಂತಿನವರು ಬರುತ್ತಾರೆ ಸಾರ್. ಅಪ್ಪ ಮನೆಯಲ್ಲಿಲ್ಲವೆಂದು ಹೇಳುವುದಕ್ಕೆ ನಾನಿರಬೇಕು" ಎಂದನು. ಸತ್ಯವನ್ನೇ ನುಡಿಯಬೇಕೆಂದು ಪಾಠ ಹೇಳುವ ನಾವು ಅಂದು ನಿರುತ್ತರರಾದೆವು.

ಈ ಅಗ್ರಹಾರದಲ್ಲಿ 1878ರಲ್ಲಿ ಜನಿಸಿದ ರಾಜಾಜಿಯವರು 1937ರಲ್ಲಿ ಮದರಾಸು ಪ್ರಾಂತದ ಆಡಳಿತವನ್ನು ವಹಿಸಿಕೊಂಡರು. ಮರುವರ್ಷವೇ ರೈತರ ಋಣಪರಿಹಾರ ಶಾಸನವು ಬಂದಿತು. ಅಸಲಿನ ಇಮ್ಮಡಿಯನ್ನು ಈಗಾಗಲೇ ಕೊಟ್ಟಿದ್ದವನ ಹಳೆಯ ಸಾಲವು ಪೂರ್ಣವಾಗಿ ಸಂದಿತೆಂದು ಅದು ವಿಧಿಸಿತು. ಆದರೆ ಶಾಸನವು ನಿನ್ನೆಯ ಸಾಲವನ್ನು ಅಳಿಸಬಲ್ಲುದೇ ಹೊರತು ನಾಳಿನ ಬಿತ್ತನೆಗೆ ಹಣವನ್ನು ಒದಗಿಸಲಾರದು. ಅದನ್ನು ಊರೇ ಒದಗಿಸಿಕೊಳ್ಳಬೇಕು.

ಹಾಗೆ ಒದಗಿಸಿಕೊಂಡ ಊರುಂಟು. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಸಹಕಾರ ಶಾಸನವು ಹುಟ್ಟಿ ಆಗ ಒಂದು ವರ್ಷವಷ್ಟೇ ಆಗಿತ್ತು. ಇಂತಹ ಸಂಘದಲ್ಲಿ ಊರಿನ ಉಳಿತಾಯವು ಊರಿನ ಹೊಲಕ್ಕೇ ಹರಿಯುತ್ತದೆ; ನೆರೆಯವನ ಹೊಲವನ್ನೂ ನಡತೆಯನ್ನೂ ಬಲ್ಲವರೇ ಸಾಲವನ್ನು ಮಂಜೂರು ಮಾಡುತ್ತಾರೆ. ಗುಜರಾತಿನ ಖೇಡಾ ಜಿಲ್ಲೆಯ ಗೋಪಾಲಕರು 1946ರಲ್ಲಿ ತಮ್ಮದೇ ಹಾಲಿನ ಸಂಘವನ್ನು ಸ್ಥಾಪಿಸಿ ದಲ್ಲಾಳಿಯ ಹಿಡಿತದಿಂದ ಪಾರಾದುದೂ ಈ ದಾರಿಯಿಂದಲೇ.

ನಮ್ಮ ನೆರೆಯ ಮುಸಲ್ಮಾನ ಬಂಧುಗಳ ಧರ್ಮಶಾಸ್ತ್ರವು ಇನ್ನೂ ಮುಂದೆ ಹೋಗುತ್ತದೆ. ಸಹಕಾರ ಸಂಘವು ಮಿತವಾದ ಬಡ್ಡಿಯನ್ನು ಕೊಳ್ಳುತ್ತದೆ. ಅಲ್ಲಿ ಬಡ್ಡಿಯೇ ನಿಷಿದ್ಧ. ಕಷ್ಟದಲ್ಲಿದ್ದವನಿಗೆ ಅಸಲನ್ನಷ್ಟೇ ಮರಳಿ ಪಡೆಯುವಂತೆ ಕೊಡುವ ಸಾಲಕ್ಕೆ 'ಕರ್ಜೆ ಹಸನ'ವೆಂದು ಹೆಸರು. ಒಬ್ಬನ ಹಣ, ಇನ್ನೊಬ್ಬನ ದುಡಿಮೆ ಕೂಡಿದ ವ್ಯಾಪಾರವು 'ಮುದಾರಬ'. ಲಾಭವನ್ನು ಮೊದಲೇ ಒಪ್ಪಿದ ಪಾಲಿನಂತೆ ಹಂಚಿಕೊಳ್ಳುತ್ತಾರೆ; ನಷ್ಟವಾದರೆ ಇವನ ಹಣ ಹೋಯಿತು, ಅವನ ಶ್ರಮ ಹೋಯಿತು. ಕುರಿಯನ್ನು ಪಾಲಿಗೆ ಸಾಕಲು ಕೊಡುವ ನಮ್ಮ ಹಳ್ಳಿಗರಿಗೆ ಇದೇನು ಅಪರಿಚಿತವೆ? ವರ್ಷವಿಡೀ ಉಳಿದ ಸಂಪತ್ತು ಗೊತ್ತಾದ ಮಿತಿಯನ್ನು ಮೀರಿದರೆ ಅದರ ನಲವತ್ತನೆಯ ಒಂದು ಪಾಲು 'ಜಕಾತ್'. ಅದು ಬಡವನ ಹಕ್ಕು. ಶರಣರ ಕಾಯಕ ದಾಸೋಹಗಳನ್ನು ಬಲ್ಲವರು ಇದನ್ನು ಪರಕೀಯವೆನ್ನಲಾರರು.

ನಮ್ಮ ಸೀಮೆಯಲ್ಲಿ ರಾಗಿಯುಂಟು, ತರಕಾರಿಯುಂಟು, ಗುಲಾಬಿಯುಂಟು. ಇಲ್ಲದಿರುವುದು ಊರಿನದೇ ಆದ ತಕ್ಕಡಿ, ಊರಿನದೇ ಆದ ಹಿಟ್ಟಿನ ಗಿರಣಿ, ಊರಿನದೇ ಆದ ಲೆಕ್ಕದ ಪುಸ್ತಕ. ದಾಕ್ಷಿಣ್ಯದಿಂದ ಸಾಲ ಕೊಟ್ಟು, ದಾಕ್ಷಿಣ್ಯದಿಂದಲೇ ವಸೂಲು ಮಾಡದೆ ಕೆಟ್ಟ ಸಂಘಗಳೂ ಇವೆ. ಆದುದರಿಂದ ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರೆದುರು, ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಓದಬೇಕು. ಕನ್ನಡದಲ್ಲೂ, ತಮಿಳಿನಲ್ಲೂ, ತೆಲುಗಿನಲ್ಲೂ.

ಸಾಲಕ್ಕಂಜಿ ಊರು ಬಿಟ್ಟವರ ಮನೆಯಲ್ಲಿ ಕನ್ನಡವು ಎಷ್ಟು ಕಾಲ ಉಳಿದೀತು? ಭಾಷೆಯ ಸೇವೆಯೂ ಊರಿನ ಸೇವೆಯೂ ಬೇರೆಯಲ್ಲ. ಆ ಬಾಲಕನು ವಾರದ ಎಲ್ಲ ದಿನಗಳೂ ಶಾಲೆಗೆ ಬರುವಂತಾದರೆ ಈ ಉತ್ಸವವು ಸಾರ್ಥಕವೆಂದು ನಾವು ಭಾವಿಸುತ್ತೇವೆ.