ಹುಣಸೆ ತೋಪಿನ ಹಿಂದೆ ಹುಣ್ಣಿಮೆ ಚಂದ್ರ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನ್ನ ಚಂದ್ರನ ಫೋಟೊ ಬಗ್ಗೆ ನಾಲ್ಕು ಮಾತಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದ್ದಾರೆ. ಆ ಫೋಟೊವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ನಮ್ಮ ತೋಪಿನ ಒಂದು ಹುಣಸೆ ಮರ, ಅದರ ಹಿಂದೆ ಮರದಷ್ಟೇ ದೊಡ್ಡ ಚಂದ್ರ. ನೋಡಿದವರು ಕೇಳುವುದು ಒಂದೇ ಪ್ರಶ್ನೆ: "ಕಂಪ್ಯೂಟರಿನಲ್ಲಿ ಅಂಟಿಸಿದ್ದಾ?" ಅಲ್ಲ. ಅದು ಹೇಗೆ ಬಂತೆಂದು ಹೇಳುತ್ತೇನೆ. ಭಾಗಾಕಾರ ಬಂದರೆ ಸಾಕು, ಅರ್ಥವಾಗುತ್ತದೆ.

ಹುಟ್ಟುವಾಗ ಚಂದ್ರ ಮೊರದಗಲ ಕಾಣುತ್ತಾನೆ, ನೆತ್ತಿಗೆ ಬಂದಾಗ ಕಾಸಿನಗಲ. ಎರಡೂ ಹೊತ್ತಿನಲ್ಲಿ ಕೈ ಚಾಚಿ ಕಿರುಬೆರಳು ಅಡ್ಡ ಹಿಡಿದು ನೋಡಿ. ಎರಡೂ ಸಲ ಬೆರಳ ಹಿಂದೆ ಅಡಗುತ್ತಾನೆ. ದೊಡ್ಡದಾಗಿ ಕಾಣಿಸುವುದು ನಮ್ಮ ಕಣ್ಣಿನ ಆಟ. ಕ್ಯಾಮೆರಾಕ್ಕೆ ಆ ಆಟ ಗೊತ್ತಿಲ್ಲ. ಹಾಗಾಗಿ ಮೊಬೈಲಿನಲ್ಲಿ ತೆಗೆದರೆ ಬಿಳಿ ಚುಕ್ಕೆ ಬರುತ್ತದೆ.

ಚಂದ್ರನ ಅಡ್ಡಳತೆ 3,474 ಕಿಲೋಮೀಟರು. ನಮ್ಮಿಂದ ಅವನಿಗೆ ಸರಾಸರಿ 3,84,000 ಕಿಲೋಮೀಟರು. ದೂರವನ್ನು ಅಳತೆಯಿಂದ ಭಾಗಿಸಿದರೆ ಸುಮಾರು 110. ಮಕ್ಕಳೇ, ಈ 110 ಅನ್ನು ಬರೆದಿಟ್ಟುಕೊಳ್ಳಿ. ಯಾವ ವಸ್ತುವಿನಿಂದಲೇ ಆಗಲಿ, ಅದರ ಎತ್ತರದ 110 ಪಟ್ಟು ದೂರ ಹೋಗಿ ನಿಂತರೆ ಅದು ಚಂದ್ರನಷ್ಟೇ ಎತ್ತರ ಕಾಣುತ್ತದೆ. ಐದೂವರೆ ಅಡಿ ಮನುಷ್ಯನಿಗೆ 605 ಅಡಿ. ಮೂವತ್ತಡಿ ಹುಣಸೆ ಮರಕ್ಕೆ 3,300 ಅಡಿ, ಅಂದರೆ ಒಂದು ಕಿಲೋಮೀಟರು. ಮರದ ಎತ್ತರ ತಿಳಿಯಲು ಹತ್ತುವುದು ಬೇಡ. ಕೋಲು ನೆಟ್ಟು ನೆರಳು ಅಳೆಯುವ ಲೆಕ್ಕ ಇದೇ ಶಾಲೆಯಲ್ಲಿ ಕಲಿತದ್ದು.

ಲೆನ್ಸಿಗೂ ಅದೇ ಸಂಖ್ಯೆ. ನನ್ನದು 600 ಮಿಲಿಮೀಟರಿನದು. 110ರಿಂದ ಭಾಗಿಸಿ: ಒಳಗಿನ ಸೆನ್ಸರಿನ ಮೇಲೆ ಬೀಳುವ ಚಂದ್ರ ಐದೂವರೆ ಮಿಲಿಮೀಟರು, ಒಂದು ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದು. 50ರ ಲೆನ್ಸಾದರೆ ಅರ್ಧ ಮಿಲಿಮೀಟರೂ ಇಲ್ಲ. ಉದ್ದ ಲೆನ್ಸು ಚಂದ್ರನನ್ನೂ ಮರವನ್ನೂ ಒಂದೇ ಸಮ ಹಿಗ್ಗಿಸುತ್ತದೆ. ಮರದ ಪಕ್ಕ ಚಂದ್ರ ದೊಡ್ಡದಾಗಬೇಕಾದರೆ ನಡೆಯಬೇಕು, ಹಿಂದಕ್ಕೆ, ಒಂದು ಕಿಲೋಮೀಟರು. ಲಕ್ಷ ರೂಪಾಯಿಯ ಲೆನ್ಸು ಕೊಂಡು ಮರದ ಬುಡದಲ್ಲೇ ನಿಲ್ಲುವವರನ್ನು ನೋಡಿದ್ದೇನೆ.

ಬೆಳಕಿನ ವಿಷಯ ಬೇಗ ಹೇಳುತ್ತೇನೆ. ರಾತ್ರಿಯಾದರೂ ಚಂದ್ರ ಬಿಸಿಲಲ್ಲಿರುವ ಬಂಡೆ. ಮೇಲೆ ಬಂದ ಹುಣ್ಣಿಮೆ ಚಂದ್ರನಿಗೆ ಹಗಲಿನ ಲೆಕ್ಕವೇ: ಎಫ್ 11, ಐಎಸ್‌ಒ 100, ಸೆಕೆಂಡಿನ ನೂರನೇ ಒಂದು ಭಾಗ. ಆದರೆ ಆ ಲೆಕ್ಕಕ್ಕೆ ಕತ್ತಲ ಮರ ಸಿಗುವುದಿಲ್ಲ. ಮರವೂ ಬೇಕೆಂದರೆ ಹುಣ್ಣಿಮೆಯ ಹಿಂದಿನ ಸಂಜೆ ಹೋಗಬೇಕು. ಅಂದು ಚಂದ್ರ ಸುಮಾರು 50 ನಿಮಿಷ ಮೊದಲೇ ಹುಟ್ಟುತ್ತಾನೆ, ನೆಲದ ಮೇಲೆ ಇನ್ನೂ ಬೆಳಕಿರುತ್ತದೆ. ಎರಡು ನಿಮಿಷದಲ್ಲಿ ತನ್ನ ಅಗಲದಷ್ಟು ಸರಿದುಬಿಡುತ್ತಾನೆ. ಮೂರು ಕಾಲಿನ ಸ್ಟ್ಯಾಂಡು ಹೊತ್ತು ರಾಗಿ ಹೊಲದ ಬದುವಿನಲ್ಲಿ ಓಡುವ ನನ್ನನ್ನು ಕಂಡು ನಾಯಿಗಳು ಬೊಗಳಿದ್ದು ನ್ಯಾಯವೇ.

ನಿಲ್ಲುವ ಜಾಗವೂ ಒಂದೇ ಅಲ್ಲ. ಪುಷ್ಯ ಮಾಸದ ಹುಣ್ಣಿಮೆಗೆ ಚಂದ್ರ ಈಶಾನ್ಯದ ಕಡೆ ಸರಿದು ಹುಟ್ಟುತ್ತಾನೆ, ಕಾರ ಹುಣ್ಣಿಮೆಗೆ ಆಗ್ನೇಯದ ಕಡೆ. ಅದೇ ಮರದ ಹಿಂದೆ ಬರಬೇಕಾದರೆ ನಾನು ತಿಂಗಳು ತಿಂಗಳೂ ಹೊಲದಿಂದ ಹೊಲಕ್ಕೆ ಸರಿಯಬೇಕು.

ಇನ್ನೊಂದು ಸೊಗಸು. ಪುಸ್ತಕದ ಚಿತ್ರದಲ್ಲಿ ಟೈಕೊ ಎಂಬ ಕುಳಿ, ಬಿಳಿ ಗೆರೆಗಳು ಹೊರಡುವ ಜಾಗ, ಚಂದ್ರನ ಕೆಳಭಾಗದಲ್ಲಿರುತ್ತದೆ. ನಮ್ಮೂರಲ್ಲಿ ಚಂದ್ರ ಹುಟ್ಟುವಾಗ ಅದು ಬಲಗಡೆ ಇರುತ್ತದೆ. ನಾವು ಸಮಭಾಜಕಕ್ಕೆ ಹತ್ತಿರ, ಚಂದ್ರ ಇಲ್ಲಿ ಮಲಗಿಕೊಂಡೇ ಏಳುತ್ತಾನೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಟೈಕೊಗಿಂತಲೂ ದಕ್ಷಿಣಕ್ಕೆ, ನಮಗೆ ಕಾಣುವಂತೆ ಬಲ ಅಂಚಿನ ಹತ್ತಿರ. ನನ್ನ ಫೋಟೊದಲ್ಲಿ ವಿಕ್ರಮ್ ಕಾಣುತ್ತದೆಯೇ ಎಂದು ಒಬ್ಬ ಹುಡುಗ ಕೇಳಿದ. ಇಲ್ಲಪ್ಪ. ಫೋಟೊದ ಅತಿ ಸಣ್ಣ ಚುಕ್ಕಿಯೂ ಅಲ್ಲಿ ಎರಡು ಕಿಲೋಮೀಟರಿಗಿಂತ ಅಗಲ.

ಈಗ ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ನಮ್ಮ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಸುಮಾರು 54 ಎಕರೆ, ಕಾಗದದ ಮೇಲೆ ಭದ್ರ. ಆದರೆ ಈ ಫೋಟೊಗೆ ಬೇಕಾದ ಒಂದು ಕಿಲೋಮೀಟರು ಬಯಲು ಆ ಎಕರೆಗಳ ಹೊರಗಿದೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಈ ಸೀಮೆಯ ನೆಲಕ್ಕೆ ಬಂದ ಬೆಲೆ ನಿಮಗೇ ಗೊತ್ತು. ಮಾರಿದವರನ್ನು ನಾನು ದೂರುವುದಿಲ್ಲ. ಮಗಳ ಮದುವೆ, ಬತ್ತಿದ ಬೋರ್‌ವೆಲ್, ಎಲ್ಲ ಕಂಡವನೇ. ಆದರೆ ನಾನು ನಿಲ್ಲುತ್ತಿದ್ದ ಒಂದು ಹೊಲಕ್ಕೆ ಕಾಂಪೌಂಡು ಬಂತು, ಇನ್ನೊಂದರ ಎದುರು ದೊಡ್ಡ ದೀಪದ ಕಂಬ ನಿಂತಿತು. ಮರ ಅಲ್ಲೇ ಇದೆ, ಚಂದ್ರನೂ ತಪ್ಪದೆ ಬರುತ್ತಾನೆ. ಎರಡನ್ನೂ ಒಟ್ಟಿಗೆ ನೋಡುವ ಜಾಗ ಸಣ್ಣದಾಗುತ್ತಿದೆ.

ಅದಕ್ಕೆ ಒಂದು ಕೋರಿಕೆ. ಮಕ್ಕಳು ತೋಪಿನ ಮರಗಳಿಗೆ ನಂಬರು ಹಾಕಿ, ಒಂದೊಂದರ ಎತ್ತರ ಅಳೆದು, 110ರಿಂದ ಗುಣಿಸಿ, ಎಲ್ಲಿ ನಿಲ್ಲಬೇಕೆಂದು ಒಂದು ನಕ್ಷೆ ಮಾಡಲಿ. ಆ ಜಾಗಗಳಲ್ಲಿ ಯಾರ ಹೊಲವಿದೆಯೋ ಅವರನ್ನು ಕೇಳಿಕೊಂಡು ಹೋಗೋಣ. ತಿಂಗಳಿಗೊಂದು ಮರ. ಲೆನ್ಸನ್ನು ನಾನು ತರುತ್ತೇನೆ. ಮುಂದಿನ ಹುಣ್ಣಿಮೆಯ ಹಿಂದಿನ ಸಂಜೆ ಐದು ಗಂಟೆಗೆ ಶಾಲೆಯ ಗೇಟಿನ ಹತ್ತಿರ ಇರುತ್ತೇನೆ. ಟೇಪು, ಕೋಲು, ಟಾರ್ಚು ತನ್ನಿ. ಹಾವು ಇರುತ್ತವೆ, ಕಾಲಿಗೆ ಚಪ್ಪಲಿ ಸಾಲದು, ಶೂ ಹಾಕಿಕೊಂಡು ಬನ್ನಿ.